ಪೀಣ್ಯದಲ್ಲಿ ಬಿಚ್ಚಿದ ಹಾಯಿ

ಕಾರವಾರದಿಂದ ಸಂಜೆ ಹೊರಟ ಬಸ್ಸು ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನು ತುಮಕೂರು ರಸ್ತೆಯಲ್ಲಿ, ಪೀಣ್ಯದ ತಿರುವಿನಲ್ಲಿ ಇಳಿಸಿತು. ಆಷಾಢ. ಊರಲ್ಲಿ ಸುರಿಯುವ ಮಳೆ ಬಿಟ್ಟು ಬಂದಿದ್ದೆವು; ಇಲ್ಲಿ ತುಂತುರು, ಬೂದು ಆಕಾಶ, ಕಣ್ಣಿಗೆ ಕಬ್ಬಿಣದ ಪುಡಿ ತೂರುವ ಗಾಳಿ. ಬಸ್ಸಿನ ಮೇಲಿಂದ ಹಾಯಿಯ ಮೂಟೆ ಇಳಿಸುತ್ತ ಕಂಡಕ್ಟರು, "ಯಾವ ಸರ್ಕಸ್ ಕಂಪನಿ ಸಾರ್?" ಎಂದ. ನನ್ನ ಗೆಳೆಯ ವಿಠೋಬ ಮೂಟೆಗೆ ಎಡಗೈ ಮಾತ್ರ ಕೊಟ್ಟ.

ನಾವಿಬ್ಬರೂ ಒಂದೇ ಹಡಗಿನಲ್ಲಿ ದುಡಿದು ನಿವೃತ್ತರಾದವರು. ವಿಠೋಬನಿಗೆ ಒಂದು ಸಣ್ಣ ಹಾಯಿದೋಣಿ ಇದೆ. ಲಕ್ವ ಹೊಡೆದ ಮೇಲೆ ಅವನ ಬಲಗೈ ಬೆರಳುಗಳು ಮಡಚುವುದಿಲ್ಲ. ಈ ಬೇಸಿಗೆಯಲ್ಲಿ ಒಬ್ಬನೇ ಹೋಗಿದ್ದಾಗ ಗಾಳಿ ಏರಿತು. ಹೆಚ್ಚು ಗಾಳಿ ಹಿಡಿಯದಂತೆ ಮುಂದಿನ ಹಾಯಿಯನ್ನು ಕುಗ್ಗಿಸಲು ದೋಣಿಯ ಮೂತಿಯವರೆಗೆ ತೆವಳಿದ, ಗಂಟು ಹಾಕಲಾಗಲಿಲ್ಲ. ಮೀನುಗಾರರು ಎಳೆದು ತಂದರು. ಅಂದು ಅವನ ಹೆಂಡತಿ ಒಂದೇ ಮಾತು ಹೇಳಿದಳು: ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು ದೋಣಿಗಳು ಮತ್ತೆ ನೀರಿಗಿಳಿಯುವುದರೊಳಗೆ ಏನಾದರೂ ದಾರಿ ಆಗಬೇಕು, ಇಲ್ಲವೆ ದೋಣಿ ಮಾರಬೇಕು.

ದಾರಿಗಳು ಎರಡಿದ್ದವು. ಹಳೆಯದು, ಮುಂದಕ್ಕೆ ಹೋಗಿ ಹಾಯಿಯನ್ನು ತುಸು ಇಳಿಸಿ, ಕೆಳಗಿನ ಭಾಗವನ್ನು ಮಡಚಿ, ಅದಕ್ಕೇ ಹೊಲಿದಿರುವ ದಾರಗಳಿಂದ ಕಟ್ಟುವುದು. ಹೊಸದು, ಮೂತಿಯಲ್ಲಿ ಒಂದು ಡ್ರಮ್ಮು ಕೂರಿಸಿ, ಹಿಂದೆ ಕುಳಿತಲ್ಲಿಂದಲೇ ಹಗ್ಗ ಎಳೆದು ಇಡೀ ಹಾಯಿಯನ್ನು ಅದರ ಅಂಚಿನ ತಂತಿಗೆ ಸುತ್ತಿಬಿಡುವುದು. ವಿಠೋಬನ ಆಸೆ ಡ್ರಮ್ಮಿನ ಮೇಲಿತ್ತು. ಅರ್ಧ ಸುತ್ತಿ ನಿಲ್ಲಿಸಿದರೆ ಕುಗ್ಗಿಸಿದಂತೆಯೇ ಆಯಿತಲ್ಲ ಎಂಬುದು ಅವನ ವಾದ. ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಆದರೂ ಜೊತೆಗೆ ಬಂದೆ.

ತಿರುವಿನ ಚಹಾ ಅಂಗಡಿಯಲ್ಲಿ ಇಡ್ಲಿ ತಿಂದೆವು. ಅಂಗಡಿಗೆ ಸೂರಿರಲಿಲ್ಲ, ನಾಲ್ಕು ಗಳ ನೆಟ್ಟು ಗೋಣಿ ಹೊದಿಸಿದ್ದರು. ಚಟ್ನಿಗೆ ಹನಿ ಬೀಳುತ್ತಿತ್ತು. "ಈ ಗಾಳೀಲಿ ಏನ್ ಕಟ್ಟಿದ್ರೂ ಹಾರೋಗ್ತದೆ ಅಣ್ಣ" ಎಂದಳು ಅಂಗಡಿಯಾಕೆ, ತಟ್ಟೆಗೆ ಕೈ ಅಡ್ಡ ಹಿಡಿದು. ಕಾರ್ಖಾನೆಯ ಸೈರನ್ ಕೂಗಿತು. ರಾಜಗೋಪಾಲನಗರದ ಕಡೆಯಿಂದ ಬಂದ ಸೈಕಲ್ಲುಗಳು ಕೆಸರು ಸೀಳಿಕೊಂಡು ಗೇಟುಗಳೊಳಗೆ ಕರಗಿದವು. ರಸ್ತೆ ಮತ್ತೆ ಬರಿದಾಯಿತು.

ಮುನಿಯಪ್ಪನ ಶೆಡ್ಡು ಅಲ್ಲಿಂದ ಅರ್ಧ ಮೈಲಿ. ಅಪ್ಪನ ರಾಗಿ ಹೊಲದಲ್ಲೇ ಶೆಡ್ಡು ಹಾಕಿಕೊಂಡು ಅಂಗಡಿಗಳಿಗೆ ರೋಲಿಂಗ್ ಶಟರ್ ಮಾಡುವವನು. ಹತ್ತಿರದ ಕಾರ್ಖಾನೆಯಲ್ಲಿದ್ದ ನನ್ನ ತಮ್ಮನ ಮಗನ ಮೂಲಕ ಅವನಿಗೆ ಡ್ರಮ್ಮಿನ ಅಳತೆ ಕೊಟ್ಟಿದ್ದೆವು.

"ಸಮುದ್ರ ಎಲ್ಲೈತೆ ಸಾರ್ ಇಲ್ಲಿ? ದಾಸರಹಳ್ಳಿ ಕೆರೇಲಿ ಬಿಡ್ತೀರಾ?" ಎಂದು ನಗುತ್ತ ಡ್ರಮ್ಮು ತಂದಿಟ್ಟ. ಕೆಲಸ ಚೊಕ್ಕವಾಗಿತ್ತು. ಬೆರಳು ತಾಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು.

ಅಂಗಳದ ಕಂಬದ ತುದಿಯಿಂದ ನೆಲದ ಗೂಟಕ್ಕೆ ಹಾಯಿಯ ತಂತಿಯನ್ನು ಬಿಗಿದು, ಕೆಳಗೆ ಡ್ರಮ್ಮು ಸೇರಿಸಿದೆವು. ಹಾಯಿ ಬಿಚ್ಚಿದ್ದೇ ತಡ ಆಷಾಢದ ಗಾಳಿ ತುಂಬಿ, ಎಷ್ಟೋ ತಿಂಗಳ ಮೇಲೆ ಅದು ಹೊಟ್ಟೆ ಉಬ್ಬಿಸಿತು. ಪಕ್ಕದ ಶೆಡ್ಡುಗಳವರು ಗೋಡೆ ಹತ್ತಿ ನಿಂತರು. ವಿಠೋಬ ಎಡಗೈಯಿಂದ ಹಗ್ಗ ಎಳೆದ. ಹಾಯಿ ಛತ್ರಿಯಂತೆ ಸುತ್ತಿಕೊಂಡಿತು. ಮತ್ತೆ ಬಿಚ್ಚಿದ, ಮತ್ತೆ ಸುತ್ತಿದ. ಅವನ ಮುಖದಲ್ಲಿ ನಗೆ ಕಂಡೆ. ಆ ಪ್ರಯಾಣದಲ್ಲಿ ಕಂಡದ್ದು ಅದೊಂದೇ ಸಲ.

"ಈಗ ಅರ್ಧಕ್ಕೆ ನಿಲ್ಸು" ಎಂದೆ.

"ನಿಲ್ತದೆ ಬುಡಿ ಸಾರ್, ನಮ್ ಶಟರ್ ಇದ್ದಂಗೆ. ಅರ್ಧ ಎಳೆದು ಬಿಟ್ರೆ ಅಂಗೇ ನಿಲ್ತದೆ" ಎಂದ ಮುನಿಯಪ್ಪ.

ಶಟರು ಎರಡು ಕಡೆಯೂ ಹಳಿಯ ಒಳಗಿರುತ್ತದೆ, ಹಾಯಿಗೆ ಹಳಿಯಿಲ್ಲ. ವಿಠೋಬ ಅರ್ಧ ಸುತ್ತಿ ಹಗ್ಗ ಬಿಗಿದ. ಗಾಳಿಯ ಒಂದು ಬೀಸು ಬಂತು. ತಂತಿ ಮೈ ತಿರುಚಿಕೊಂಡಿತು. ಕೆಳಗೆ ಬಿಗಿಯಾಗಿಯೇ ಇದ್ದ ಸುತ್ತು ಮೇಲೆ ಸಡಿಲಾಗಿ, ತುದಿಯ ಬಟ್ಟೆ ಚೀಲದಂತೆ ಊದಿ ಕಂಬವನ್ನೇ ಅಲುಗಾಡಿಸಿತು. ದೋಣಿಯನ್ನು ಮಗುಚುವುದು ಆ ಎತ್ತರದ ಗಾಳಿಯೇ. ಗೋಡೆ ಮೇಲಿದ್ದವರಲ್ಲಿ ಒಬ್ಬ, "ಗುರು, ಶಟರ್ ಕಿತ್ಕೊಂಡ್ ಬಂತು" ಎಂದ. ಯಾರೂ ನಗಲಿಲ್ಲ.

ವಿಠೋಬ ಇನ್ನೊಮ್ಮೆ ನೋಡಿದ. ಮತ್ತೊಮ್ಮೆ. ಆಮೇಲೆ ಹಾಯಿಯ ಕೆಳಸಾಲಿನ ಎರಡು ದಾರ ಹಿಡಿದು ಗಂಟು ಹಾಕಲು ಕೂತ. ಬಲಗೈಯೊಳಗಿನ ದಾರ ಜಾರುತ್ತಲೇ ಇತ್ತು. ನಾನು ಸಹಾಯಕ್ಕೆ ಹೋಗಲಿಲ್ಲ. ನೀರಿನ ಮೇಲೆ ನಾನಿರುವುದಿಲ್ಲವಲ್ಲ.

"ಈ ಡ್ರಮ್ಮಲ್ಲಿ ಪೂರಾ ಬಿಚ್ಚೋದು, ಪೂರಾ ಸುತ್ತೋದು. ಅಷ್ಟೇ ಅಲ್ದಾ?" ಎಂದ ಕೊನೆಗೆ.

"ಅಷ್ಟೇ."

"ಹಾಗಾದ್ರೆ ಹಾಯಿನೇ ಸಣ್ಣದು ಮಾಡ್ಸುವ, ಕುಗ್ಸೋ ಕೆಲ್ಸವೇ ಬೇಡ."

"ಗಾಳಿ ಕಮ್ಮಿ ಇದ್ದಾಗ ದೋಣಿ ಕದಲೋದಿಲ್ಲ ಮಾರಾಯ. ಮತ್ತೆ ಯಾವತ್ತೂ ಮೊದಲಿನ ಹಾಗೆ ಓಡೋದಿಲ್ಲ."

"ಕದಲದಿದ್ರೆ ಕೂತಿರ್ತೆ. ನನಗೆಂಥ ಅರ್ಜೆಂಟು?"

ಮುನಿಯಪ್ಪನೇ ನಮ್ಮನ್ನು ಲಗ್ಗೆರೆಗೆ, ಲಾರಿ ಟಾರ್ಪಾಲು ಹೊಲಿಯುವ ಖಾದರ್ ಹತ್ತಿರ ಕರೆದೊಯ್ದ. ಕುಗ್ಗಿಸುವ ದಾರಗಳ ಸಾಲಿಗೆ ಬೆರಳಗಲ ಮೇಲೆ ನಾನು ಸೀಮೆಸುಣ್ಣದ ಗೆರೆ ಎಳೆದೆ. ಖಾದರ್ ಕತ್ತರಿ ಹಿಡಿದು, "ಒಳ್ಳೆ ಬಟ್ಟೆ ಸಾಬ್. ಕತ್ತರಿಸಿದ್ರೆ ಮತ್ತೆ ಸೇರಲ್ಲ, ಯೋಚ್ನೆ ಮಾಡಿ" ಎಂದ. ವಿಠೋಬ ಬಟ್ಟೆಯ ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು, "ಹೊಡಿ" ಎಂದ. ಹೊಲಿಗೆ ಮುಗಿಯುವವರೆಗೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ.

ಹಿಂತಿರುಗುವ ದಾರಿಯಲ್ಲಿ, ಕತ್ತರಿಸಿದ ಪಟ್ಟಿಯನ್ನು ದಾರಗಳ ಸಮೇತ ವಿಠೋಬ ಚಹಾ ಅಂಗಡಿಯಾಕೆಗೆ ಕೊಟ್ಟ. "ಯಾಕಣ್ಣ, ನಿಮಗೆ ಬ್ಯಾಡ್ವಾ?" ಎಂದಳು. "ನಮ್ಮಲ್ಲಿ ಜಾಗ ಇಲ್ಲ" ಎಂದ. ನನಗೆ ಗೊತ್ತು, ಅವನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ.

ಆ ರಾತ್ರಿ ತಮ್ಮನ ಮಗನ ಮನೆಯಲ್ಲಿ ತಂಗಿದೆವು. ಮರುಸಂಜೆ ಡ್ರಮ್ಮು, ಹಾಯಿ ಹೊತ್ತು ಅದೇ ತಿರುವಿನಲ್ಲಿ ಬಸ್ಸು ಹಿಡಿದೆವು. ಕಿಟಕಿಯ ಹೊರಗೆ ಚಹಾ ಅಂಗಡಿ ಕಂಡಿತು. ಗಳಗಳ ಮೇಲೆ ಬಿಳಿ ಪಟ್ಟಿ ಗಾಳಿ ತುಂಬಿ ನಿಂತಿತ್ತು. ಅದರ ಅಡಿ ಪಾಳಿ ಮುಗಿಸಿದ ನಾಲ್ಕಾರು ಮಂದಿ ನೆನೆಯದೆ ಚಹಾ ಕುಡಿಯುತ್ತಿದ್ದರು. ವಿಠೋಬ ಕುತ್ತಿಗೆ ತಿರುಗಿಸಿ ಕಾಣುವಷ್ಟು ಹೊತ್ತೂ ನೋಡಿದ. ಹಾಯಿಯನ್ನಲ್ಲ, ಅದನ್ನು ಗಳಕ್ಕೆ ಬಿಗಿದಿದ್ದ ಸಣ್ಣ ದಾರಗಳನ್ನು.

"ಗಂಟು ಒಳ್ಳೇದು ಹಾಕಿದ್ದಾಳೆ" ಎಂದ.