ರಾಣಿಗೆ ದನಿ ಕೊಟ್ಟವಳು

ಮರಿಮಗುವಿನ ಕುಂಡೆ ಕೆಂಪಾಗಿದೆ ಎಂದು ಔಷಧಿ ಅಂಗಡಿಯಿಂದ ಒಂದು ಬಿಳಿ ಮುಲಾಮು ತಂದಿದ್ದಾರೆ. ಮೊಮ್ಮಗಳು ಅದರ ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮೂಗಿಗೆ ಬಡಿದದ್ದು ಸಫೇದದ ವಾಸನೆ. ಸಫೇದ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ನಾಟಕದವರು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಬಿಳಿ ಪುಡಿ. ರಾಜನಿಗೂ ಅದೇ, ರಾಣಿಗೂ ಅದೇ. ಮಗುವಿನ ಕುಂಡೆ ನೋಡಿ ರಾಜ ರಾಣಿ ನೆನಪಾದರು ಎಂದರೆ ನೀವು ನಗುತ್ತೀರಿ. ನಗಿ. ಮುಂದೆ ನಗುವಂಥದ್ದು ಹೆಚ್ಚೇನೂ ಇಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಹೊಸನಗರದ ಪೇಟೆಯಲ್ಲಿ ನಮ್ಮಪ್ಪ ದರ್ಜಿ. ಗುಂಡಿಯ ಕಾಜಾ ಹೊಲಿಯಲು ಸಣ್ಣ ಬೆರಳು ಬೇಕಾಗಿತ್ತು, ಹಾಗಾಗಿ ನನ್ನನ್ನು ಶಾಲೆ ಬಿಡಿಸಿದರು. ಅದರ ಬಗ್ಗೆ ನನಗೇನೂ ದೂರಿಲ್ಲ. ಶಾಲೆಯಲ್ಲಿ ನಾನು ಕಲಿಯುತ್ತಿದ್ದದ್ದೂ ಅಷ್ಟಕ್ಕಷ್ಟೆ. ಆದರೆ ಕಿವಿ ಮಾತ್ರ ಚುರುಕಾಗಿತ್ತು. ಒಂದು ಮಾತು ಎರಡು ಸಲ ಕೇಳಿದರೆ ಸಾಕು, ಗಟ್ಟಿಯಾಗಿ ಕೂತುಬಿಡುತ್ತಿತ್ತು. ಈಗ ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ, ಅದು ಬೇರೆ.

ಯುದ್ಧ ನಡೆಯುತ್ತಿದ್ದ ಕಾಲ. ಬಟ್ಟೆಗೆ ಬರ, ಸೀಮೆಎಣ್ಣೆಗೆ ಬರ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಅಂಥ ಹೊತ್ತಿನಲ್ಲಿ ಊರಿನ ಹನ್ನೊಂದು ಹುಡುಗರು ಸೇರಿ ನಾಟಕದ ಸಂಘ ಕಟ್ಟಿದರು. ಶಾಲೆಯ ಮೇಷ್ಟ್ರೊಬ್ಬರು ತಾವೇ ಒಂದು ನಾಟಕ ಬರೆದು ಕಲಿಸಲು ನಿಂತರು. ಹಳೇ ಪರದೆ ಕತ್ತರಿಸಿ ಉಡುಪು ಹೊಲಿದುಕೊಟ್ಟವನು ನಮ್ಮಪ್ಪ. ಅಳತೆ ಕೊಡಲು ಹೇಗೂ ಬರುತ್ತಾರಲ್ಲ ಎಂದು ಅಭ್ಯಾಸವೂ ನಮ್ಮ ಮನೆಯ ಅಟ್ಟದ ಮೇಲೇ ಶುರುವಾಯಿತು. ನಾನು ಕೆಳಗೆ ಕಾಜಾ ಹೊಲಿಯುತ್ತ ಇಡೀ ನಾಟಕ ಕೇಳಿದೆ. ಮೂರು ತಿಂಗಳಲ್ಲಿ ರಾಜನ ಮಾತು, ಮಂತ್ರಿಯ ಮಾತು, ರಾಣಿಯ ಹಾಡು ಎಲ್ಲ ನನ್ನ ಬಾಯಲ್ಲಿತ್ತು.

ರಾಣಿಯಾಗಿದ್ದವನು ವಸಂತ. ನನಗಿಂತ ಎರಡು ವರ್ಷ ದೊಡ್ಡವನು, ಹಾಗಾಗಿ ವಸಂತಣ್ಣ ಎನ್ನುತ್ತಿದ್ದೆ. ಹೆಣ್ಣಿನ ಪಾತ್ರವನ್ನೂ ಗಂಡುಹುಡುಗರೇ ಮಾಡುವ ಕಾಲ ಅದು. ಪಾತ್ರಕ್ಕೆಂದು ಅವನು ಕೂದಲು ಬಿಟ್ಟಿದ್ದ. ನನ್ನ ಜಡೆಗಿಂತ ಅವನ ಜಡೆ ದಪ್ಪ. ಅಪ್ಪ ಅಮ್ಮ ಇಲ್ಲದವನು, ಸೋದರಮಾವನ ಮನೆಯಲ್ಲಿ ಇದ್ದ. ಇದ್ದ ಎನ್ನುವುದಕ್ಕಿಂತ ಇಟ್ಟುಕೊಂಡಿದ್ದರು ಎನ್ನಬೇಕು. ಆ ಮಾವನಿಗೆ ಕಾಡಿನಲ್ಲಿ ಇದ್ದಿಲ ಭಟ್ಟಿಯ ಗುತ್ತಿಗೆ. ಇವನನ್ನೂ ಭಟ್ಟಿಗೆ ಅಟ್ಟಬೇಕೆಂದು ಎಂದೋ ನಿಶ್ಚಯ ಮಾಡಿದ್ದ. ಆದರೆ ಪೇಟೆಯಲ್ಲಿ ನಾಲ್ಕು ಜನ, 'ನಿಮ್ಮ ಹುಡುಗನ ರಾಣಿ ನೋಡ್ಬೇಕು ಮಾರಾಯ್ರೆ, ಕಣ್ಣಲ್ಲಿ ನೀರು ಬರತ್ತೆ' ಎನ್ನಲು ಶುರುಮಾಡಿದ ಮೇಲೆ ಸುಮ್ಮನಾಗಿದ್ದ. 'ಎಲ್ಲೀವರೆಗೆ ನಾಟ್ಕ, ಅಲ್ಲೀವರೆಗೆ ಊರು. ಅದು ನಿಂತ ದಿನ ಕಾಡು' ಎಂದು ಎಲ್ಲರೆದುರು ಹೇಳಿದ್ದ.

ಸಂಘದವರು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ರಾಣಿ ಬಂದ್ರು, ಜಾಗ ಬಿಡ್ರೋ' ಎನ್ನುತ್ತಿದ್ದರು. ಮಾವನ ಮನೆಯಲ್ಲಿ ಕೊನೆಯ ಪಂಕ್ತಿಯಲ್ಲಿ ಉಣ್ಣುವ ಹುಡುಗನಿಗೆ ನಮ್ಮ ಅಟ್ಟದ ಮೇಲೆ ಮಂಡಕ್ಕಿಯ ಮೊದಲ ಹಿಡಿ. ಅದನ್ನು ಅವನು ನಗುತ್ತ ತಿನ್ನುವುದನ್ನು ಏಣಿಯ ಸಂದಿಯಿಂದ ನೋಡಿದ್ದೇನೆ. ಬೇರೆಲ್ಲಿಯೂ ಅವನು ಹಾಗೆ ನಗುವುದನ್ನು ಕಂಡವಳಲ್ಲ.

ಒಂದು ಮಧ್ಯಾಹ್ನ, ರಾಣಿ ಸತ್ತ ಮಗುವನ್ನು ಎತ್ತಿಕೊಂಡು ಅಳುವ ಜಾಗದಲ್ಲಿ, ಅವನ ಗಂಟಲು ಒಡೆಯಿತು. ಒಂದೇ ಮಾತಿನೊಳಗೆ ಎರಡು ಕಪ್ಪೆ ಕೂಗಿದ ಹಾಗೆ. ಹುಡುಗರು ಬಿದ್ದು ಬಿದ್ದು ನಕ್ಕರು. ಮರುದಿನವೂ ಹಾಗೇ ಆಯಿತು. ಜ್ಯೇಷ್ಠಮಧು ಅಗಿಸಿದರು, ಕಾಳುಮೆಣಸಿನ ಕಷಾಯ ಕುಡಿಸಿದರು, ಯಾರೋ ಹಸಿ ಮೊಟ್ಟೆ ನುಂಗಿಸಿದರು. ಮೀಸೆ ಬರುವ ಹೊತ್ತಿಗೆ ಬರುವುದನ್ನು ಮೊಟ್ಟೆ ತಡೆಯುತ್ತದೆಯೇ?

ರಾಜನ ಪಾತ್ರದ ಮಂಜಪ್ಪ, 'ಇನ್ನೊಬ್ಬನ್ನ ನೋಡುವ ಮೇಷ್ಟ್ರೇ. ಹೆಂಡ್ತಿ ದನಿ ನನ್ನ ದನಿಗಿಂತ ದಪ್ಪ ಆದ್ರೆ ಹೆಂಗೆ?' ಎಂದ. ಮೇಷ್ಟ್ರು ವಸಂತನ ಕಡೆ ತಿರುಗಿ, 'ಇನ್ನೊಂದ್ಸಲ ಹೇಳು ನೋಡಣ' ಎಂದರು. ಮೇಲೆ ಸದ್ದೇ ಇಲ್ಲ. ನನಗೆ ಕೆಳಗೆ ಕೈ ಓಡಲಿಲ್ಲ. ಸೂಜಿ ಹಿಡಿದುಕೊಂಡೇ ಆ ಮಾತನ್ನು ನಾನು ಹೇಳಿದೆ: 'ಮಗನೇ, ತೊಟ್ಟಿಲು ಬೆಚ್ಚಗಿದೆ, ನೀನೇಕೆ ತಣ್ಣಗಾದೆ?'

ಮೇಷ್ಟ್ರು ಏಣಿಯ ಬಾಯಿಗೆ ಬಂದು ಬಗ್ಗಿದರು. 'ಯಾರೇ ಅದು?'

'ನಾನು.'

'ಇನ್ನೂ ಬರತ್ತಾ?'

'ಎಲ್ಲ ಬರತ್ತೆ.'

ಹಾಗೆ ನಾನು ಸಂಘಕ್ಕೆ ಸೇರಿದೆ. ಸೇರಿದೆ ಎಂದು ನಾನು ತಿಳಿದುಕೊಂಡೆ. ವಸಂತ ಸಿಂಹಾಸನದ ಮೇಲೆ ಕೂತು ತುಟಿ ಆಡಿಸುವುದು, ನಾನು ಸಿಂಹಾಸನದ ಹಿಂದಿನ ಪರದೆಯ ಆಚೆ ಕೂತು ಮಾತಾಡುವುದು, ಹಾಡುವುದು. ಅಪ್ಪ ಒಪ್ಪಿದ್ದು ಎರಡು ಷರತ್ತಿನ ಮೇಲೆ: ಹುಡುಗಿ ಯಾರ ಕಣ್ಣಿಗೂ ಬೀಳಬಾರದು, ಸಂಘದ ಹೊರಗೆ ಯಾರಿಗೂ ವಿಷಯ ಗೊತ್ತಾಗಬಾರದು. ಅಭ್ಯಾಸ ಮಾಡುತ್ತ ಮಾಡುತ್ತ ನಮಗಿಬ್ಬರಿಗೂ ಎಷ್ಟು ಹೊಂದಿತೆಂದರೆ, ಅವನು ಉಸಿರು ಎಳೆದುಕೊಳ್ಳುವುದು ಪರದೆಯ ಈಚೆ ನನಗೆ ತಿಳಿಯುತ್ತಿತ್ತು. ಹೊಸನಗರದಲ್ಲಿ ಎರಡು ಸಲ ಆಡಿದರು, ಒಬ್ಬನಿಗೂ ಗುಮಾನಿ ಬರಲಿಲ್ಲ. ಹೆಂಗಸರು ಅತ್ತರು. ನಾನು ಕತ್ತಲಲ್ಲಿ ಮಂಡಿಗೆ ಗದ್ದ ಊರಿಕೊಂಡು ಅವರ ಅಳು ಕೇಳಿದೆ. ಅದೆಲ್ಲ ನನ್ನದೇ ಎಂದು ಗೊತ್ತಿತ್ತು. ಮನೆಗೆ ಬರುವಾಗ ಎಲ್ಲರೂ ಹೊಗಳುತ್ತಿದ್ದದ್ದು ವಸಂತನನ್ನು.

ಅವನು ಕೆಟ್ಟವನಲ್ಲ. ಹಿತ್ತಿಲ ಬಾಗಿಲಿಗೆ ಬಂದು, 'ಇವತ್ತು ಅತ್ತರಲ್ಲ, ಅದು ನಿಂಗೆ ಕೇಳ್ತಾ?' ಎಂದು ಕೇಳುತ್ತಿದ್ದ. ಕೇಳಿತು ಎಂದರೆ ತಲೆ ಆಡಿಸಿ ಹೋಗುತ್ತಿದ್ದ. ನನಗೆ ಅಷ್ಟರಿಂದ ಸಮಾಧಾನ ಆಗುತ್ತಿರಲಿಲ್ಲ. ಆಗ ನನಗೆ ಹದಿಮೂರು.

ಆಮೇಲೆ ತೀರ್ಥಹಳ್ಳಿಯಿಂದ ಕರೆ ಬಂತು. ಹುಡುಗರು ಮೊದಲ ಬಸ್ಸಿಗೆ ಹೋದರು, ನಾನು ಅಪ್ಪ ಅಮ್ಮನ ಜೊತೆ ಆಮೇಲಿನದಕ್ಕೆ. ಉಳಿದುಕೊಂಡದ್ದು ಅಲ್ಲೇ ಇದ್ದ ದೊಡ್ಡಮ್ಮನ ಮನೆಯಲ್ಲಿ. ದೀಪಕ್ಕೆ ಸೀಮೆಎಣ್ಣೆ ಇಲ್ಲವೆಂದು ನಾಟಕ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದರು, ಒಂದು ಭತ್ತದ ಮಳಿಗೆಯಲ್ಲಿ. ನಾಟಕದ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನಾನು ದೊಡ್ಡವಳಾಗಿರುವುದು ನನಗೆ ಗೊತ್ತಾಯಿತು. ಅಕ್ಕಂದಿರನ್ನು ನೋಡಿದ್ದೆ, ಏನು ಮಾಡಬೇಕು ಎನ್ನುವುದು ಗೊತ್ತಿತ್ತು. ಬಾಯಿ ಬಿಟ್ಟರೆ ಮೂಲೆಯಲ್ಲಿ ಕೂರಿಸುತ್ತಾರೆ, ಹೊಸಲು ದಾಟಲು ಬಿಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಸಂಜೆಯವರೆಗೆ ಸುಮ್ಮನಿದ್ದರೆ ಆಯಿತು ಎಂದುಕೊಂಡೆ. ಬಟ್ಟೆ ಕಟ್ಟಿಕೊಂಡು, ಏನೂ ಆಗದವಳ ಹಾಗೆ ದೋಸೆ ತಿಂದೆ.

ಹನ್ನೊಂದು ಗಂಟೆಗೆ ಅಪ್ಪನಿಗೆ ದಾರದುಂಡೆ ಕೊಟ್ಟು ಬರಲು ಮಳಿಗೆಗೆ ಹೋದೆ. ಹಿಂದಿನ ಅಂಗಳದಲ್ಲಿ ಆ ಊರಿನ ಫೋಟೋದವನಿಂದ ಫೋಟೋ ತೆಗೆಸುವ ಗಡಿಬಿಡಿ. ಬಣ್ಣ ಬಳಿದುಕೊಂಡು, ಕಿರೀಟ ಇಟ್ಟುಕೊಂಡು ಸಂಘದವರೆಲ್ಲ ಸಾಲಾಗಿ ಕೂತಿದ್ದರು. ನಡುವೆ ರಾಣಿ. ಹಿಂದಿನ ಸಾಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಇತ್ತು, ನಾನು ಹೋಗಿ ನಿಂತೆ.

ಮಂಜಪ್ಪ ತಿರುಗಿ ನೋಡಿದ. 'ಏ ಕೂಸೇ, ನೀ ಎಂತಕ್ಕೆ ಇಲ್ಲಿ?'

'ಫೋಟಕ್ಕೆ.'

'ಇದು ಸಂಘದ್ದು ಮಾರಾಯ್ತಿ. ನೀನು ಸಂಘದವಳಾ?' ಎಂದ. ನಾಲ್ಕು ಜನ ನಕ್ಕರು. ಕೆಟ್ಟ ನಗುವೇನಲ್ಲ, ಬಾಗಿಲಿಗೆ ಬಂದ ಕರುವನ್ನು ನೋಡಿ ನಗುವ ಹಾಗೆ.

ನಾನು ವಸಂತನ ಮುಖ ನೋಡಿದೆ. ಒಂದು ಮಾತು ಹೇಳಿದರೆ ಸಾಕಿತ್ತು, 'ಇರ್ಲಿ ಬಿಡೋ' ಎಂದಿದ್ದರೂ ಸಾಕಿತ್ತು. ಅವನು ಆ ಬಿಳಿ ಮುಖ ನನ್ನ ಕಡೆ ತಿರುಗಿಸಿ ಸುಮ್ಮನೆ ಕೂತಿದ್ದ. ತುಟಿ ಎರಡಾಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ.

'ಯಾವಾಗಿಂದ್ಲೇ?' ಎಂದಳು ಅಮ್ಮ.

'ಈಗ' ಎಂದೆ.

ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಊಟಕ್ಕೆ ಬಂದ ಅಪ್ಪ ಹೊರಗೆ ನಿಂತು, 'ಹಂಗಾದ್ರೆ ನಾಟ್ಕ?' ಎಂದ.

'ಎಂತ ನಾಟ್ಕನೋ? ಹುಡ್ಗಿ ಹೊರಗೆ ಕೂತಿದಾಳೆ, ನಿಂಗೆ ನಾಟ್ಕದ್ದೇ ಚಿಂತೆ' ಎಂದಳು ದೊಡ್ಡಮ್ಮ.

'ಅವ್ರಿಗೆ ಎಂತ ಅಂತ ಹೇಳ್ಲಿ?'

'ಜ್ವರ ಅನ್ನು. ಗಂಡುಹುಡುಗ್ರ ಎದ್ರು ಇದನ್ನೆಲ್ಲ ಸಾರ್ಕೊಂಡ್ ಬರ್ತ್ಯಾ?'

ಅಪ್ಪ ಹೋದ. ಈಗ ಯೋಚಿಸಿದರೆ, ಅಪ್ಪ ಇಡೀ ದಾರಿ ಮುಖ ಹೇಗೆ ಎತ್ತಲಿ ಎಂದೇ ಯೋಚಿಸಿರಬೇಕು. ಮೇಷ್ಟ್ರು ಆ ಊರಿನ ದೊಡ್ಡ ಮನುಷ್ಯರ ಪಕ್ಕದಲ್ಲಿ ಕೂತಿದ್ದರಂತೆ. ಹತ್ತಿರ ಹೋಗಿ ಹೇಳಲು ಅಪ್ಪನಿಗೆ ನಾಚಿಕೆ. ಬಾಗಿಲಲ್ಲಿ ನಿಂತಿದ್ದವರಿಗೆ, 'ಹುಡುಗಿಗೆ ಜ್ವರ ಬಂದಿದೆ, ಮೇಷ್ಟ್ರಿಗೆ ತಿಳಿಸಿ' ಎಂದ. ಅವರು ತೀರ್ಥಹಳ್ಳಿಯವರು. ಈ ನಾಟಕದಲ್ಲಿ ಒಬ್ಬ ಹುಡುಗಿ ಇದ್ದಾಳೆ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಮುಚ್ಚಿಟ್ಟವರು ನಾವೇ. ದರ್ಜಿಯ ಮನೆಯ ಜ್ವರ ಎಂದುಕೊಂಡು, 'ಅಮೃತಬಳ್ಳಿ ಕಷಾಯ ಕೊಡಿ' ಎಂದರಂತೆ. ಸುದ್ದಿ ಬಾಗಿಲು ದಾಟಲಿಲ್ಲ.

ಪರದೆ ಎದ್ದಿತು. ನಾನು ಬಂದಿದ್ದೇನೋ ಇಲ್ಲವೋ ಎಂದು ಹಿಂದೆ ಬಗ್ಗಿ ನೋಡುವ ಪದ್ಧತಿ ಇರಲಿಲ್ಲ; ನಾನು ತಪ್ಪಿಸಿದವಳೇ ಅಲ್ಲವಲ್ಲ. ವಸಂತ ಸಿಂಹಾಸನದ ಮೇಲೆ ಕೂತು, ಕೈ ಎತ್ತಿ, ತುಟಿ ಆಡಿಸಿದ. ಸದ್ದಿಲ್ಲ. ತಡವಾಯಿತೇನೋ ಎಂದು ಮತ್ತೆ ಮೊದಲಿನಿಂದ ಆಡಿಸಿದ. ಹಾರ್ಮೋನಿಯಂನವನು ಶ್ರುತಿ ಹಿಡಿದೇ ಇದ್ದ. ಮೂರನೇ ಸಲ ಆಡಿಸುವಾಗ ಮುಂದಿನ ಸಾಲಿನಲ್ಲಿ ಯಾರೋ, 'ರಾಣಿಗೆ ಬಾಯಿ ಬಿದ್ದೋಗಿದ್ಯನಾ?' ಎಂದರು. ಆಗ ಅವನು ತನ್ನದೇ ದನಿಯಲ್ಲಿ ಮಾತಾಡಿದ. ಮುಂದಿನದ್ದನ್ನು ಅಪ್ಪ ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎರಡು ಬೀದಿ ಆಚೆ ಸೌದೆ ಕೊಟ್ಟಿಗೆಯಲ್ಲಿ ಕೂತವಳಿಗೆ ಆ ನಗು ಕೇಳಿಸಿತು. ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ಮತ್ತೆ ನಾನು ಕೇಳಿಲ್ಲ.

ಹೆಚ್ಚು ಬೆಳೆಸುವುದಿಲ್ಲ. ಸಂಘದವರು ತೆಳು ದನಿಯ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡರು. ವಸಂತನ ಜಡೆಯನ್ನು ಮಾವ ತಾನೇ ನಿಂತು ತೆಗೆಸಿ, ಹೇಳಿದ ಹಾಗೆ ಕಾಡಿನ ಭಟ್ಟಿಗೆ ಕಳಿಸಿದ. ಅಲ್ಲಿ ಚಳಿಜ್ವರ, ಹೊಗೆ. ಏಳು ವರ್ಷ ಇದ್ದನಂತೆ. ನನ್ನನ್ನು ಮರುವರ್ಷವೇ ಸಾಗರಕ್ಕೆ ಮದುವೆ ಮಾಡಿ ಕೊಟ್ಟರು. ನಾನು ಮತ್ತೆ ಹಾಡಲಿಲ್ಲ. ಮಕ್ಕಳನ್ನು ಮಲಗಿಸಲೂ ಹಾಡಿದವಳಲ್ಲ, ತಟ್ಟಿ ಮಲಗಿಸಿದೆ.

ಬಹಳ ವರ್ಷದ ಮೇಲೆ ವಸಂತ ನಮ್ಮ ಮನೆಗೆ ಒಂದು ಸಲ ಬಂದ, ಮಗಳ ಮದುವೆಯ ಕಾಗದ ಹಿಡಿದುಕೊಂಡು. ತಲೆ ಬೋಳಾಗಿತ್ತು. ಮಾತು ಹೊರಡುವುದಕ್ಕೆ ಮೊದಲು ಎರಡು ಸಲ ಕೆಮ್ಮು ಹೊರಡುತ್ತಿತ್ತು. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ಹೇಳಿದ:

'ತೀರ್ಥಳ್ಳಿಲಿ ಅವತ್ತು ನಿನ್ನ ಕೂಡಿಹಾಕಿದ್ರಂತೆ. ಆಮೇಲೆ ಗೊತ್ತಾಯ್ತು. ನಿಂಗೆ ಎಷ್ಟು ಸಂಕಟ ಆಗಿತ್ತೋ ಏನೋ ತಂಗಿ.'

ಎರಡು ಸಲ ಕೆಮ್ಮಿ ಅವನೇ ಮುಂದುವರಿಸಿದ:

'ಅಲ್ಲ, ಅವತ್ತು ಫೋಟ ತೆಗೆಯೋವಾಗ ಮಂಜಪ್ಪ ನಿನ್ನ ಓಡ್ಸಿದ್ನಲ್ಲ. ನಂಗೆ ಬಾಯಿ ಬಿಡೋ ಹಾಗಿರ್ಲಿಲ್ಲ. ಬಸ್ ಇಳಿಯೋ ಮುಂಚೆನೇ ಮೇಷ್ಟ್ರು ಆಣೆ ಹಾಕ್ಸಿದ್ರು, ಈ ಊರಲ್ಲಿ ನನ್ನ ಒಡಕು ದನಿ ಒಬ್ರಿಗೂ ಕೇಳಬಾರ್ದು, ಗುಟ್ಟು ರಟ್ಟಾಗತ್ತೆ ಅಂತ. ಇಲ್ದಿದ್ರೆ ನಿನ್ನ ನನ್ನ ಪಕ್ಕದಲ್ಲೇ ಕೂರಿಸ್ಕೋತಿದ್ದೆ. ಅದೊಂದು ಹೇಳ್ಬೇಕು ಹೇಳ್ಬೇಕು ಅಂತಿದ್ದೆ.'

'ಕಾಫಿ ಆರತ್ತೆ, ಕುಡಿ' ಎಂದೆ.

ಕುಡಿದು ಹೋದ. ಮದುವೆಗೆ ನಾನು ಹೋಗಲಿಲ್ಲ. ಅವನು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಹೇಳಬೇಕಾದದ್ದನ್ನು ಅವತ್ತೇ, ಅವನ ಕೈಯಲ್ಲಿ ಲೋಟ ಇರುವಾಗಲೇ, ನಾನು ಹೇಳಬಹುದಾಗಿತ್ತು. ನನಗೆ ಬೆಳಿಗ್ಗೆಯೇ ಗೊತ್ತಿತ್ತು, ಸಂಜೆಯವರೆಗೆ ಮುಚ್ಚಿಡಬಹುದಿತ್ತು, ನಿನ್ನ ಮೇಲಿನ ಸಿಟ್ಟಿಗೆ ಹೇಳಿದೆ. ಇಷ್ಟೇ ಮಾತು. ಇಡೀ ನಾಟಕ ಬಾಯಿಪಾಠ ಇದ್ದವಳಿಗೆ ಇಷ್ಟು ಬರಲಿಲ್ಲ.

ನಮ್ಮ ಮನೆಯಲ್ಲಿ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆಯವರೆಗೂ ಹೇಳಿದ್ದು ಒಂದೇ ರೀತಿ: ನಾನು ಎಷ್ಟು ಚೆನ್ನಾಗಿ ಹಾಡುತ್ತಿದ್ದೆ, ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹೇಗೆ ಮೂಲೆಗೆ ಕೂರಿಸುತ್ತಿದ್ದರು, ಒಂದು ನಾಟಕವೇ ಹೇಗೆ ಹಾಳಾಗಿಹೋಯಿತು ಎಂದು. ಕೇಳಿದವರೆಲ್ಲ, 'ಅಯ್ಯೋ ಪಾಪ ಅಜ್ಜಿ' ಎನ್ನುತ್ತಿದ್ದರು. ನಾನು ಅನ್ನಿಸಿಕೊಳ್ಳುತ್ತಿದ್ದೆ.

ಇಷ್ಟನ್ನು ಬರೆದು ಮುಗಿಸಲು ನನಗೆ ಒಂಬತ್ತು ದಿನ ಹಿಡಿಯಿತು. ತಪ್ಪು ತಿದ್ದಲು ನಿನ್ನೆ ಮೊಮ್ಮಗಳ ಕೈಗೆ ಕೊಟ್ಟೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೊನೆಯವರೆಗೂ ಓದಿದಳು. ಕಾಗುಣಿತ ತಿದ್ದಿ, ಹಾಳೆಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟಳು. ಅಯ್ಯೋ ಪಾಪ ಅನ್ನಲಿಲ್ಲ.