ಕೆಂಪು ಧೂಳಿನಾಚೆಯ ದನಿ

ಕುರೆಕುಪ್ಪದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಸಣ್ಣದೊಂದು ವಿಮಾನ ನಿಲ್ದಾಣದಲ್ಲಿ, ವಿಮಾನಗಳಿಗೆ ದಾರಿ ತೋರುವ ರೇಡಿಯೋ ಸಿಗ್ನಲ್ ನೋಡಿಕೊಳ್ಳುತ್ತಿದ್ದರು. ನಮ್ಮೊಡನೆ ಮಾತಾಡುವಾಗಲೂ ತಲೆ ವಾರೆ ಮಾಡಿ ಆಕಾಶಕ್ಕೆ ಕಿವಿಗೊಡುವರು. ತಾವೇ ಮಾಡಿದ ಥರ್ಮಾಕೋಲಿನ ಪುಟ್ಟ ವಿಮಾನದಲ್ಲಿ ರೇಡಿಯೋ ಕೂರಿಸಿ ರಿಮೋಟಿನಿಂದ ಹಾರಿಸುತ್ತಿದ್ದರು. ಅದು ಮೇಲೆ ಹಿಡಿದ ಸಿಗ್ನಲ್ ಅವರ ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. "ನೆಲದಾಗ ನಿಂತ್ರ ಸಾಲಂಗಿಲ್ಲ, ಮ್ಯಾಲ ಹೋಗಿ ಕೇಳ್ಬೇಕು" ಎನ್ನುವರು.

ಒಂದು ಬೆಳಿಗ್ಗೆ, ಗಣಿಯಲ್ಲಿ ಗಾಯಗೊಂಡವನೊಬ್ಬನನ್ನು ಒಯ್ಯಲು ವಿಮಾನ ಬರಬೇಕಿತ್ತು. ಹಿಂದಿನ ಸಂಜೆ ಸಿಡಿಲಿಗೆ ಕೆಟ್ಟಿದ್ದ ಸಿಗ್ನಲ್ ಯಂತ್ರ ಆಗಷ್ಟೇ ರಿಪೇರಿಯಾಗಿತ್ತು; ಸಿಗ್ನಲ್ ಸರಿಯಿದೆಯೇ ಎಂದು ಮೇಲಿಂದ ಕೇಳಿ ನೋಡದೆ ವಿಮಾನವನ್ನು ಕರೆಯುವಂತಿರಲಿಲ್ಲ. ಸಂಡೂರಿನ ಗುಡ್ಡಗಳು ಕೆಂಪು ಧೂಳಿನಲ್ಲಿ ತೇಲುತ್ತಿದ್ದವು. ನಾನೂ ಜೊತೆಗಿದ್ದೆ. ಅಕ್ಕನ ಪುಟ್ಟ ವಿಮಾನ ಗುಡ್ಡದ ಕಡೆ ಹೊರಟಿತು.

"ಬ್ಯಾಟರಿ ಮುಗೀತೈತಿ, ವಾಪಸ್ ಕರಸ್ರಿ ಅಕ್ಕಾ" ಎಂದೆ.

"ತಡಿಯವ್ವಾ, ದೊಡ್ಡ ವಿಮಾನ ಅದಾ ದಾರಿಗೆ ಬರ್ತೈತಿ. ಆ ಗುಡ್ಡದ ತನಕ ಸಿಗ್ನಲ್ ಕೇಳ್ಲೇಬೇಕು."

ಕಣ್ಣು ಮುಚ್ಚಿ ಆಲಿಸಿದರು. ಕನಸಿನಲ್ಲಿ ಯಾರೋ ಕರೆದಂತೆ ಮುಖ ಅರಳಿತು. "ದನಿ ಚಂದ ಐತಿ. ಬರ್ಲಿ ಅಂತ ಹೇಳ್ರಿ" ಎಂದು ಆಫೀಸಿನವರಿಗೆ ಕೂಗಿದರು. ಅಷ್ಟರಲ್ಲಿ ಪುಟ್ಟ ವಿಮಾನ ಧೂಳಿನಲ್ಲಿ ಕರಗಿಹೋಗಿತ್ತು.

ಆಮೇಲೆ ದೊಡ್ಡದು ಅದೇ ಧೂಳನ್ನು ಸೀಳಿಕೊಂಡು ಬಂದು ಮೆತ್ತಗೆ ಇಳಿಯಿತು. ಗಾಯಾಳುವನ್ನು ಹತ್ತಿಸಿದರು.

"ನಿಮ್ದು ಬರ್ಲೇ ಇಲ್ಲಲ್ರಿ?" ಎಂದೆ.

"ಹೋಗ್ಲಿ ಬಿಡವ್ವಾ" ಎಂದರು ಅಕ್ಕ, ಖಾಲಿ ಆಕಾಶ ನೋಡುತ್ತ. "ಆಟದ್ದು ಅನ್ಕೊಂಡಿದ್ರು ಎಲ್ಲಾರು. ಇವತ್ತು ಒಬ್ಬರ ಜೀವಕ್ಕ ದಾರಿ ನೋಡಿಟ್ಟು ಹೋತು."