ಹೇಮಾವತಿ ದಂಡೆಯಲ್ಲಿ ದೊಡ್ಡಮ್ಮನ ಸೊತ್ತು

ಹಾಸನದಿಂದ ಗೊರೂರಿನ ಬಸ್ಸು ಹೊರಟಾಗಲೇ ಬಿಸಿಲು ಏರಿತ್ತು. ಭಾವ ಹಾರೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದ್ದರು. ಕಂಡಕ್ಟರ್ ಟಿಕೆಟ್ಟು ಹರಿಯುತ್ತಾ, "ಏನ್ ಸಾ ಅದು, ಬಂದೂಕಾ?" ಎಂದ. "ತೆಂಗಿನಕಾಯಿ ಸುಲಿಯೋ ಸಾಮಾನು ಕಣಯ್ಯ" ಎಂದು ಭಾವ ಕಿಟಕಿಯ ಕಡೆ ತಿರುಗಿದರು. ನಿಧಿ ಹುಡುಕಲು ಹೊರಟವರು ಹಾಗೆಂದು ಹೇಳಿಕೊಳ್ಳುವಂತಿಲ್ಲವಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ, ಹಾಸನದಲ್ಲಿ ಸೈಕಲ್ ಶಾಪು ಇಟ್ಟವರು. ನಮ್ಮನ್ನು ಹೊರಡಿಸಿದವಳು ನನ್ನ ದೊಡ್ಡಮ್ಮ. ಗೊರೂರಿನಲ್ಲಿ ಅಣೆಕಟ್ಟು ಏಳುತ್ತದೆ, ಮೇಲಿನ ಊರುಗಳು ಮುಳುಗುತ್ತವೆ ಎಂಬ ಸುದ್ದಿ ಆಗ ಗಟ್ಟಿಯಾಗಿತ್ತು. ದೊಡ್ಡಮ್ಮನ ಊರೂ ಅದರಲ್ಲೊಂದು. ಬದಲಿ ಜಮೀನು ಚನ್ನರಾಯಪಟ್ಟಣದ ಕಡೆ ಎಂದಿದ್ದರು. ಮನೆಯವರೆಲ್ಲ ಒಪ್ಪಿದ್ದರೂ ಆಕೆ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೊಳೆ ದಂಡೆಯಲ್ಲಿ ಹೂತಿಟ್ಟ ಮನೆತನದ ಸೊತ್ತು ಕೈಗೆ ಬಾರದೆ ಊರು ಬಿಡುವುದಿಲ್ಲ ಎಂಬುದು ಆಕೆಯ ಹಟ.

ಗೊರೂರಿನಲ್ಲಿ ಇಡ್ಲಿ ತಿಂದು ಹೊಳೆಯ ಜೊತೆಯೇ ಮೇಲಕ್ಕೆ ನಡೆದೆವು. ಮಧ್ಯಾಹ್ನ ದೊಡ್ಡಮ್ಮ ಮುದ್ದೆ, ಹುರುಳಿ ಸಾರು ಬಡಿಸಿ ಗುರುತು ಹೇಳಿದಳು. "ನೀರು ತುಂಬೋ ಜಾಗ ದಾಟುದ್ರೆ ಅತ್ತಿಮರ. ಅದರ ಬುಡದಾಗೆ ಅರಿಸಿನ ಅಚ್ಚಿದ ಕಲ್ಲು. ಅದರಡೀಲಿ ತಾಮ್ರದ ಪಾತ್ರೆ ಅದೆ. ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಒಂದೇ ಸಲ ತೋರ್ಸಿದ್ರು."

ಅತ್ತಿಮರ ಇರಲಿಲ್ಲ. ಎಮ್ಮೆ ತೊಳೆಯುತ್ತಿದ್ದವನೊಬ್ಬ ನಮ್ಮ ಹಾರೆ ನೋಡಿ, ಹಿಂದೆ ಮರಾಠರ ದಂಡು ಹೊಳೆ ದಾಟಿದ್ದು ಇಲ್ಲೇ, ಚಿನ್ನವೆಲ್ಲ ಈ ಮಡುವಿನಲ್ಲೇ ಇದೆ ಎಂದ. ತುಸು ದೂರದಲ್ಲಿ ಬಲೆ ಒಣಗಿಸುತ್ತಿದ್ದವನು, "ಅವನಿಗೇನ್ ಗೊತ್ತು ಸಾ, ದಂಡು ದಾಟಿದ್ದು ಆ ಮಾಸ್ತಿಕಲ್ಲಿನ ತಾವ" ಎಂದು ಎದುರು ದಡ ತೋರಿಸಿದ. ಯಾರನ್ನು ನಂಬುವುದೋ ತಿಳಿಯದೆ ನಾವು ಏರು ಹತ್ತಿದೆವು. ಅಲ್ಲಿ ಅರಿಶಿನದ ಕಲ್ಲು ಸಿಕ್ಕಿತು! ಸ್ವಲ್ಪ ಮುಂದೆ ಇನ್ನೊಂದು. ಅದರಾಚೆ ಮತ್ತೊಂದು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಭಾವ ಮಾತ್ರ ಮೊದಲನೆಯದರ ಬುಡಕ್ಕೇ ಹಾರೆ ಹಾಕಿದರು.

ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. "ಅಣ್ಣಾ, ಸರ್ವೆ ಕಲ್ಲು ಯಾಕೆ ಕೀಳ್ತಿದೀರ? ಕಟ್ಟೆ ಕಟ್ಟಿದ್ಮೇಲೆ ನೀರು ಇಲ್ಲಿಗಂಟ ಬತ್ತದಂತೆ."

"ಮತ್ತೆ ಈ ಅರಿಶಿನ?" ಎಂದೆ.

"ನಿಲ್ಸಿದ ಕಲ್ಲನ್ನ ಬರಿದಾಗಿ ಬುಡಕ್ಕಾಯ್ತದಾ? ಎಲ್ಲಾದಕ್ಕೂ ನಾವೇ ಅಚ್ಚಿದೀವಿ. ಗಂಗಮ್ಮ ತಾಯಿ, ಇಲ್ಲಿಗೇ ನಿಂತ್ಕೋ, ಮುಂದಕ್ಕೆ ಬರಬ್ಯಾಡ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮ್ಮ ಮನೆ ಮುಳುಗುತ್ತದೆ ಎಂದು ಹೇಳುವ ಕಲ್ಲಿಗೇ ಪೂಜೆ! ಭಾವ ಮಣ್ಣು ತುಳಿದು ಕಲ್ಲನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು.

ಮರುದಿನ ದೊಡ್ಡಮ್ಮ ನಮ್ಮನ್ನು ಬೈಯುತ್ತಾ ತಾನೇ ಬಂದಳು. ಅವಳಿಗೂ ದಂಡೆ ಗುರುತು ಸಿಗಲಿಲ್ಲ. ಬಟ್ಟೆ ಒಗೆಯುವ ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ನೀರನ್ನೇ ನೋಡಿದಳು. ಕೊನೆಗೆ ಮರಳಿನಲ್ಲಿ ಇಣುಕುತ್ತಿದ್ದ ಕೊಳೆತ ಬೇರೊಂದನ್ನು ತೋರಿಸಿ, "ಪ್ರವಾಹ ಮರಾನ ಎಳ್ಕೊಂಡೋಗ್ಬುಟ್ಟದೆ ಕಣ್ಲಾ, ಅಲ್ಲಿ ಅಗಿ" ಎಂದಳು. ನಾನು ಅಗೆದೆ. ದೊಡ್ಡಮ್ಮ ಹೇಳಿದ್ದ ಪೂಜೆಯ ಕಲ್ಲು ಅಡ್ಡ ಬಿದ್ದಿತ್ತು. ಅದರಡಿ ಹಸಿರುಗಟ್ಟಿದ ಸಣ್ಣ ತಾಮ್ರದ ಚೊಂಬು. ಭಾವ ಅದನ್ನು ಕಿತ್ತುಕೊಂಡು ಪಂಚೆಯ ಮೇಲೆ ಮಗುಚಿದರು.

ನುಣುಪಾದ ಕರಿ ಕಲ್ಲುಗಳು ಬಿದ್ದವು. ಬೇರೇನೂ ಇಲ್ಲ. ಭಾವ ಚೊಂಬನ್ನು ಮತ್ತೆ ಕುಲುಕಿದರು.

"ಇಷ್ಟೇನಾ ಅತ್ತೆ?"

"ಇಷ್ಟೇ ಕಣಪ್ಪ. ಗಂಗಮ್ಮನ ಕಲ್ಲು. ನಮ್ಮೋರೂ ಎಲ್ಲಿಂದ್ಲೋ ಎದ್ದು ಬಂದೋರೇ. ಬರೋವಾಗ ಅಲ್ಲಿನ ಒಳೆಯಿಂದ ತಂದಿದ್ದು."

"ಯಾವ ಹೊಳೆ?" ಎಂದೆ.

"ಯಾರಿಗ್ಗೊತ್ತು?"

ಭಾವನ ಮುಖ ಇಂಗು ತಿಂದ ಮಂಗನಂತಾಗಿತ್ತು. ದೊಡ್ಡಮ್ಮ ಮಾತ್ರ ಚೊಂಬನ್ನು ತೊಳೆದು, ಕಲ್ಲುಗಳನ್ನು ಅದರೊಳಗಿಟ್ಟು, "ಈಗ ನಡೀರಿ, ಆ ಜಮೀನು ನೋಡವ" ಎಂದುಬಿಟ್ಟಳು. ನಮಗೆ ನಂಬಲಾಗಲಿಲ್ಲ.

ಹಾಸನದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣಕ್ಕೆ ಹೋದೆವು. ದಾರಿಯುದ್ದಕ್ಕೂ ಚೊಂಬು ಆಕೆಯ ಮಡಿಲಲ್ಲಿತ್ತು. ಊರಾಚೆಗೆ ನಡೆದಾಗ ಕೆಂಪು ನೆಲ, ತಂಗಡಿ ಗಿಡ, ಬಿಸಿಗಾಳಿ. ಮಣ್ಣು ಹಿಡಿದು ನೋಡಿ, "ಪರವಾಗಿಲ್ಲ, ರಾಗಿ ಬತ್ತದೆ" ಎಂದಳು. ಆಮೇಲೆ ಸುತ್ತ ತಿರುಗಿದಳು.

"ಒಳೆ ಯಾವ್ ಕಡೆಗದೆ ಮಗ?"

"ಇಲ್ಲಿ ಹೊಳೆ ಇಲ್ಲ ದೊಡ್ಡಮ್ಮ. ಕೆರೆ ಇದೆ" ಎಂದೆ.

ಆಕೆ ಚೊಂಬಿನೊಳಕ್ಕೆ ಕೈಯಿಟ್ಟು ಕಲ್ಲುಗಳನ್ನು ಮುಟ್ಟಿದಳು. ಕಣ್ಣು ತುಂಬಿ ಬಂತು.

"ಯಾವ್ದೋ ಒಳೆ ಕಲ್ಲು ಇಡ್ಕಂಡು ಬಂದ್ಬುಟ್ಟೆ. ನಮ್ಮೊಳೆದು ಒಂದೂ ತರ್ಲಿಲ್ವಲ್ಲೋ. ವಾಪಸ್ ಬಸ್ಸು ಎಷ್ಟೊತ್ತಿಗದೆ, ಕೇಳ್ಕಂಡ್ ಬಾ."